ಎಡಗಡೆ ಸೀಟು

"ಹೈಸ್ಕೂಲ್ ಮುಗಿಸೋಕಾಗದೋನು ನನಗೆ ಚೈನ್ ಪಾಠ ಹೇಳ್ತಿದಾನೆ, ಕೇಳ್ರಪ್ಪಾ!" ಅಂತ ನಿರಂಜನ್ ಅಂಕಲ್ ಕೂಗಿ ಹೇಳಿದರು.

ಟೆಂಟಿನ ಕೆಳಗೆ ಪೇಪರ್ ಪ್ಲೇಟ್ ಹಿಡಿದು ಪುಳಿಯೋಗರೆ ತಿನ್ನುತ್ತಿದ್ದ ನಲವತ್ತು ಜನ ನಕ್ಕರು. ಡೆಟ್ರಾಯಿಟ್ ಕನ್ನಡದವರು ಅರ್ಧ, ಕ್ಯಾಮೆರಾ ತಂದಿದ್ದ ಕಾರ್ ಹುಚ್ಚರು ಅರ್ಧ. ಕನ್ನಡ ಬಾರದವರೂ ನಕ್ಕರು.

"ಪಾಪ, ಹೆದರಿಬಿಟ್ಟಿದಾನೆ. ಅಮ್ಮನ ಹತ್ರ ಕಳಿಸೋಣ್ವೇನೋ ಸೋಮು?"

ನಾನು ಅವರ ಕಿವಿಗೆ ಮಾತ್ರ ಕೇಳುವ ಹಾಗೆ ಹೇಳಿದ್ದೆ: "ಅಂಕಲ್, ಇದು ಹಳೇ ಚೈನೇ."

ಅಂಕಲ್ ಕಾರು ನೋಡಿದವರಿಗೆ ಗೊತ್ತು. ನೂರು ವರ್ಷದ ಹಿಂದೆ ವೇಗದ ರೆಕಾರ್ಡ್ ಮುರಿಯೋಕೆ ಕಟ್ಟುತ್ತಿದ್ದ ಕಾರುಗಳ ಥರ ಕಟ್ಟಿದ್ದು. ಉಕ್ಕಿನ ಎರಡು ತೊಲೆ, ಮೇಲೆ ಹಳೇ ವಿಮಾನದ ಹನ್ನೆರಡು ಸಿಲಿಂಡರಿನ ಎಂಜಿನ್, ಹಿಂದೆ ಇಬ್ಬರು ಕೂರುವಷ್ಟು ಜಾಗ. ಬಾಗಿಲಿಲ್ಲ, ಬೆಲ್ಟಿಲ್ಲ. ಸ್ಟಾರ್ಟ್ ಆದರೆ ಸದ್ದು ಕಿವಿಗಲ್ಲ, ಎದೆಮೂಳೆಗೆ ಬಡಿಯುತ್ತೆ. ಎಂಜಿನ್ನಿಗೆ ಹಾಕಿದ ಹರಳೆಣ್ಣೆ ಸುಟ್ಟ ಹೊಗೆ ಮುಖಕ್ಕೆ ರಾಚುತ್ತೆ. ಒಂದು ಸಲ ಆ ಹೊಗೆ ಕುಡಿದವನಿಗೆ ಬೇರೆ ಕಾರೆಲ್ಲ ಹೊಲಿಗೆ ಮಿಷನ್ನು.

ಡ್ರೈವರ್ ಬಲಕ್ಕೆ. ಎಡಗಡೆ ಸೀಟು ನನ್ನದು. ಓಡುವಷ್ಟು ಹೊತ್ತೂ ಕೈಪಂಪು ಒತ್ತುತ್ತಾ ಟ್ಯಾಂಕಿಗೆ ಗಾಳಿ ತುಂಬಬೇಕು, ಇಲ್ಲದಿದ್ದರೆ ಎಂಜಿನ್ನಿಗೆ ಪೆಟ್ರೋಲ್ ಹೋಗಲ್ಲ. ಮೊಣಕೈಯಿಂದ ಒಂದು ಗೇಣು ದೂರದಲ್ಲಿ ಅಂಗೈ ಅಗಲದ ಚೈನು ಚಕ್ರ ತಿರುಗಿಸುತ್ತಿರುತ್ತೆ. ನೂರಿಪ್ಪತ್ತು ಮೈಲಿ ವೇಗದಲ್ಲಿ ಅದು ಹರಿದರೆ ಬಾರುಕೋಲಿನ ಹಾಗೆ ಮೇಲಕ್ಕೆ ಬರುತ್ತೆ. ಕುತ್ತಿಗೆ ಇರೋದು ಅಲ್ಲೇ.

ಇಷ್ಟೆಲ್ಲ ಗೊತ್ತಿದ್ದೂ ಎರಡು ವರ್ಷ ಪ್ರತಿ ಶನಿವಾರ ನಮ್ಮೂರು ಲೊಂಬಾರ್ಡಿನಿಂದ ನಾಲ್ಕೂವರೆ ಗಂಟೆ ಡ್ರೈವ್ ಮಾಡಿಕೊಂಡು ಬಂದೆ. ನಾನು ಹನ್ನೊಂದನೇ ಕ್ಲಾಸಿಗೇ ಸ್ಕೂಲ್ ಬಿಟ್ಟಾಗ ಊರಿನ ಅಂಕಲ್‌ಗಳೆಲ್ಲ "ಮುಂದೇನಪ್ಪಾ?" ಅಂತ ಜೀವ ತಿಂದರು. ಏನೂ ಕೇಳದೆ ಕೈಗೆ ಸ್ಪ್ಯಾನರ್ ಕೊಟ್ಟವರು ನಿರಂಜನ್ ಅಂಕಲ್ ಒಬ್ಬರೇ. ಅದಕ್ಕೇ ನಂಬಿದೆ.

ಎರಡು ವಾರದ ಹಿಂದೆ ಎಡಗಡೆ ಚೈನಿನ ಒಂದು ಕೊಂಡಿಯಲ್ಲಿ ಕೂದಲಿನಷ್ಟು ಬಿರುಕು ಕಂಡಿತ್ತು. ಹಳದಿ ಬಣ್ಣ ಬಳಿದು ತೋರಿಸಿದೆ. "ಹೊಸದು ಆರ್ಡರ್ ಮಾಡ್ತೀನಿ ಪುಟ್ಟಾ, ನಿನ್ನ ಕುತ್ತಿಗೆಗಿಂತ ಹೆಚ್ಚಾ?" ಅಂದಿದ್ದರು. ಈವತ್ತು ಬೆಳಿಗ್ಗೆ "ಹಾಕಾಯ್ತು, ಹೊಸದು" ಅಂದರು. ಚೈನು ಫಳಫಳ ಹೊಳೀತಿತ್ತು. ಬಗ್ಗಿ ನೋಡಿದರೆ ಬಣ್ಣ ತೆಗೆಯೋ ಥಿನ್ನರ್ ವಾಸನೆ. ಒಂದು ಕೊಂಡಿಯ ಸಂದಿಯಲ್ಲಿ, ಬಟ್ಟೆ ತಲುಪದ ಕಡೆ, ಸಾಸಿವೆಯಷ್ಟು ಹಳದಿ ಉಳಿದಿತ್ತು.

ಮರೆತದ್ದಲ್ಲ. ಕೂತು ಉಜ್ಜಿದ್ದಾರೆ. ವಿಮಾನದ ಹಳೇ ರನ್‌ವೇ ಸಿಕ್ಕಿರೋದು ಈವತ್ತೊಂದೇ ದಿನ ಅಂತ.

"ನಾನ್ ಕೂರಲ್ಲ ಅಂಕಲ್," ಅಂದೆ, ಈ ಸಲ ಎಲ್ಲರಿಗೂ ಕೇಳೋ ಹಾಗೆ.

"ಬೇಡ ಬಿಡೋ. ಪಂಪು ಒತ್ತೋಕೆ ಪಿಎಚ್‌ಡಿ ಬೇಕಾ? ಯಾರಾದ್ರೂ ಒತ್ತುತಾರೆ!"

"ನಾನ್ ಒತ್ತುತೀನಿ, ಡ್ಯಾಡ್!" ಅವರ ಮಗಳು ಇಳಾ ಆಗಲೇ ನನ್ನ ಹೆಲ್ಮೆಟ್ ಹಾಕಿಕೊಂಡು ಎಡಗಡೆ ಸೀಟಿಗೆ ಒಂದು ಕಾಲು ಇಟ್ಟಿದ್ದಳು. "ಓಕೆ, ಐ ಆಮ್ ರೆಡಿ."

"ಇಳೀ ಕೆಳಗೆ!"

ಆ ಕೂಗಿಗೆ ಕ್ಯಾಮೆರಾದವನೂ ಬೆಚ್ಚಿದ. ಅಂಕಲ್ ಓಡಿಹೋಗಿ ಅವಳ ತೋಳು ಹಿಡಿದು ಎಳೆದರು.

"ಅಯ್ಯೋ, ಏನಾಯ್ತು? ಚೈನ್ ಹೊಸದು ಅಂದ್ರಲ್ಲಾ?" ಅಂದಳು ಇಳಾ.

ಈಗ ಯಾರೂ ನಗಲಿಲ್ಲ.

ಅಂಕಲ್ ನನ್ನ ಹತ್ತಿರ ಬಂದು ಭುಜದ ಮೇಲೆ ಕೈ ಇಟ್ಟರು. ದನಿ ತಗ್ಗಿತ್ತು. "ಸೋಮು, ಪುಟ್ಟಾ, ಅವಳಿಗೆ ಇದೆಲ್ಲ ಅಭ್ಯಾಸ ಇಲ್ಲ, ಅದಕ್ಕೇ... ಎಂಬತ್ತು ಮೈಲಿ ದಾಟಿಸಲ್ಲ, ಆಣೆ. ಒಂದೇ ರೌಂಡು. ಕೂತ್ಕೋತೀಯಲ್ಲಾ?"

ಬಾಯಲ್ಲಿ ಬೈಗುಳ ತುಂಬಿತ್ತು. ಅಷ್ಟರ ಮೇಲೂ ಆ ಕಾರಿನ ಕಡೆ ಒಂದು ಸಲ ಕಣ್ಣು ಹೋಯಿತು, ಸುಳ್ಳು ಯಾಕೆ ಹೇಳಲಿ. ಬಾನೆಟ್ಟಿನ ಮೇಲೆ ಬಿಸಿಲು ಬಿದ್ದಿತ್ತು.

ಭುಜದ ಮೇಲಿನ ಕೈ ತೆಗೆದೆ. ಗ್ಲೌಸ್ ಬಿಚ್ಚಿ ಎಡಗಡೆ ಸೀಟಿನ ಮೇಲೆ ಹಾಕಿದೆ.

"ಏನಾದ್ರೂ ಮಾತಾಡೋ!" ಅಂದರು.

ಪ್ಲೇಟ್ ಹಿಡಿದವರು ದಾರಿ ಬಿಟ್ಟರು. ನನ್ನ ಟ್ರಕ್ಕು ರನ್‌ವೇಯ ಆ ತುದಿಯಲ್ಲಿತ್ತು, ಅರ್ಧ ಮೈಲಿ. ನಡೆದೆ.