ಒನಕೆಗೆ ತೊಡಿಸಿದ ಪೋಲ್ಕ

ಪೋಲ್ಕ ಮತ್ತೆ ವಾಪಸು ಬಂತು.

ರಸೂಲ ಗಂಟು ಬಿಚ್ಚಿ ನೋಡಿದ. ಬಗಲಲ್ಲಿ ಹರಿದಿತ್ತು. ಹಿಂದಿನ ಸಲ ಹೊಲಿದುಕೊಟ್ಟದ್ದೂ ಬಗಲಲ್ಲೇ ಹರಿದಿತ್ತು. ಅದಕ್ಕೂ ಹಿಂದಿನದು ಹರಿದಿರಲಿಲ್ಲ; ಅದರೊಳಗೆ ಮದುಮಗಳ ಜೊತೆ ಅವಳ ಅವ್ವನೂ ತೂರಿಕೊಳ್ಳಬಹುದು ಎಂಬ ಮಾತಿನೊಡನೆ ಬಂದಿತ್ತು.

"ಮಾಲಿ ಹೆಂಗ್ ಹಾಕೂದು ಅಂತ ಹುಡುಗಿ ಕೈ ಎತ್ತಿ ತೋರ್ಸಾಕ ಹೋದ್ಲು, ಚರ್ ಅಂತು," ಎಂದಳು ಮದುಮಗಳ ಅವ್ವ ಪಾರ್ವತವ್ವ, ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತ. "ಹಂದರದಾಗ ಹಿಂಗ್ ಆದ್ರ ಬೀಗರ ಮುಂದ ನಮ್ಮ ಮಾರಿ ಎಲ್ಲಿ ಇಡೂದು ಸಾಬಾ?"

"ಅಳತೆ ಕೊಟ್ಟವರು ಯಾರು? ನೀವೇ ಅಲ್ವಾ ಅವ್ವಾರೇ?"

"ದಾರ ಕೊಟ್ಟೀನಲ್ಲ. ಗಂಟು ಹಾಕೇ ಕೊಟ್ಟೀನಲ್ಲ."

ದಾರ! ಆ ದಾರದ ಹೆಸರೆತ್ತಿದರೆ ಸಾಕು, ರಸೂಲನ ಕಿವಿ ಬಿಸಿಯಾಗುತ್ತಿತ್ತು. ಹೆಣ್ಣುಮಕ್ಕಳ ಮೈಗೆ ಗಂಡಸು ದರ್ಜಿ ಟೇಪು ಹಿಡಿಯುವಂತಿಲ್ಲ. ಮನೆಯ ಹಿರಿಯ ಹೆಂಗಸು ದಾರ ಸುತ್ತಿ, ಎದೆಗೊಂದು, ತೋಳಿಗೊಂದು, ಬಗಲಿಗೊಂದು ಗಂಟು ಹಾಕಿ ತಂದು ಕೊಡುತ್ತಾಳೆ. ದರ್ಜಿ ಆ ಗಂಟುಗಳನ್ನು ನಂಬಿ ಕತ್ತರಿ ಆಡಿಸಬೇಕು. ಎದೆಯ ಮೇಲೆ ತುದಿ ಕಟ್ಟಿಕೊಳ್ಳುವ ಕುಪ್ಪಸದ ಕಾಲಕ್ಕೆ ಅದು ನಡೆಯುತ್ತಿತ್ತು. ಸಡಿಲವಾದರೆ ಬಿಗಿದು ಕಟ್ಟಿದರಾಯಿತು, ಬಿಗಿಯಾದರೆ ಸಡಿಲ ಬಿಟ್ಟರಾಯಿತು. ಈಗ ನಡೆಯುವುದಿಲ್ಲ. ಮದುಮಗಳು ಪರಿಮಳಾ ಹುಬ್ಬಳ್ಳಿಗೆ ಹೋಗಿ ಅಲ್ಲಿಯ ಹೆಂಗಸರನ್ನು ನೋಡಿ ಬಂದಿದ್ದಾಳೆ. ಅವಳಿಗೆ ಬುಗ್ಗೆ ತೋಳು ಬೇಕು, ಎದುರಿಗೆ ಸಾಲಾಗಿ ಹುಕ್ಕು ಬೇಕು, ಪೋಲ್ಕ ಮೈಗೆ ಬಳಿದಂತೆ ಕೂರಬೇಕು. ಇಷ್ಟೆಲ್ಲ ಬೇಕು, ಅಳತೆ ಮಾತ್ರ ದಾರದಲ್ಲಿ!

"ನನ್ನ ತಂಗಿ ಜುಬೇದಾ ಒಳಗಿದ್ದಾಳೆ. ಅವಳೇ ಟೇಪು ಹಿಡೀಲಿ."

"ಬ್ಯಾಡಪ್ಪ. ಅಂಕಿ ಬರೆದ ಪಟ್ಟಿ ಲಗ್ನದ ಹುಡುಗಿ ಮೈಗೆ ಸುತ್ತೂದು ನಮ್ಮಾಗ ಇಲ್ಲ."

ಅವಳು ಹೊಸ ಖಣವನ್ನೂ ಹೊಸ ದಾರವನ್ನೂ ಇಟ್ಟು ಗುಡ್ನಾಪುರಕ್ಕೆ ಹೋಗುವ ಗಾಡಿ ಹತ್ತಿದಳು. ರಸೂಲ ಆ ದಾರವನ್ನು ಗೋಡೆಯ ಮೊಳೆಗೆ ಎಸೆದ. ಅದು ಅಲ್ಲೇ ಜೋತುಬಿತ್ತು.

ಇಷ್ಟನ್ನೂ ಚಾಚಾ ಅಬ್ದುಲ್ ರಜಾಕ್ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ. ಚಾಚಾ ಶಿರಸಿ–ಯಲ್ಲಾಪುರದ ಮೋಟಾರು ಓಡಿಸುವವನು. ಅಪ್ಪ ತೀರಿಕೊಂಡ ಮೇಲೆ ಅಣ್ಣತಂಗಿಯರನ್ನು ಸಾಕಿದವನು. ಮಾಸ್ತರರ ಜೊತೆ ಜಗಳವಾಡಿ ಸ್ಲೇಟನ್ನು ಕೆರೆಗೆ ಎಸೆದು ಬಂದ ರಸೂಲನಿಗೆ ಹೊಲಿಗೆ ಮಶಿನ್ನು ತಂದುಕೊಟ್ಟವನೂ ಅವನೇ.

"ರಸೂಲ್, ಯಲ್ಲಾಪುರದಲ್ಲಿ ನಿನ್ನ ಚಾಚಿಯ ತಮ್ಮ ಈ ಮಶಿನ್ನಿಗೆ ಕಣ್ಣು ಹಾಕಿ ಕೂತಿದ್ದಾನೆ," ಎಂದ ಚಾಚಾ. "ಇನ್ನೊಂದು ಸಲ ಪೋಲ್ಕ ವಾಪಸು ಬರಲಿ, ಮಶಿನ್ನು ಮೋಟಾರಿನ ಮೇಲೆ ಹತ್ತುತ್ತೆ. ನೀನು ಕ್ಲೀನರ್ ಆಗಿ ಹಿಂದಿನ ಏಣಿಗೆ ನೇತಾಡು."

"ತಪ್ಪು ನಂದಲ್ಲ ಚಾಚಾ!"

"ಹರಿದಿದ್ದು ಯಾರ ಹೊಲಿಗೆ? ನನ್ನದಾ?"

ರಸೂಲನ ಸಿಟ್ಟು ಇಮ್ಮಡಿಯಾಯಿತು. ಮಶಿನ್ನಿನ ಮುಂದೆ ಕೂತು ಸುಮ್ಮನೆ ಚಕ್ರ ತಿರುಗಿಸಿದ. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಅವನು ತಲೆಯಿಲ್ಲದ ಬೊಂಬೆ ಕಂಡಿದ್ದ. ಕುತ್ತಿಗೆಯಿಂದ ಸೊಂಟದವರೆಗೆ ಹೆಂಗಸಿನ ಮೈ, ಕೆಳಗೆ ಒಂದು ಕೋಲು. ದರ್ಜಿ ಅದಕ್ಕೇ ಬಟ್ಟೆ ತೊಡಿಸಿ, ಅದಕ್ಕೇ ಗುಂಡುಪಿನ್ನು ಚುಚ್ಚಿ ಹೊಲಿಯುತ್ತಿದ್ದ. ಬೊಂಬೆ ಕೈ ಎತ್ತಿ ಮಾಲೆ ಹಾಕಲು ಹೋಗುವುದಿಲ್ಲ, ದಾರವನ್ನೂ ಕೊಡುವುದಿಲ್ಲ.

ಬೊಂಬೆಯನ್ನು ಕೊಳ್ಳುವ ಮಾತೇ ಇಲ್ಲ. ಮಾಡಬೇಕು. ಶಾಲೆ ತಪ್ಪಿಸಿದ ದಿನಗಳಲ್ಲಿ ಅವನು ವೇಷದ ಮುಖವಾಡ ಮಾಡುವವರ ಎದುರು ಕೂತಿರುತ್ತಿದ್ದ. ಅವರು ಮಣ್ಣಿನ ಮುಖಕ್ಕೆ ಹಸಿ ಕಾಗದ ಅಂಟಿಸಿ, ಒಣಗಿಸಿ, ಬಿಡಿಸಿಕೊಳ್ಳುತ್ತಿದ್ದರು. ಮುಖಕ್ಕೆ ಆಗುವುದು ಮೈಗೆ ಯಾಕೆ ಆಗಬಾರದು?

ಮುಂದಿನ ಸಂತೆಗೆ ಪಾರ್ವತವ್ವ ಮಗಳನ್ನೂ ಕರೆದುಕೊಂಡು ಬಂದಾಗ ರಸೂಲ ವಿಷಯ ಹೇಳಿದ. ಪರಿಮಳಾ ಬಾಯಿಗೆ ಸೆರಗು ಹಿಡಿದು ನಕ್ಕಳು. "ಆಗಲಿ ಬಿಡಬೇ. ಒಳಗ ಬರೇ ಹೆಣ್ಣಮಕ್ಕಳಲ್ಲ?" ಎಂದು ಅವ್ವನ ಕೈ ಜಗ್ಗಿದಳು. ಪಾರ್ವತವ್ವ ಮನೆಯಿಂದ ತಂದ ತಂಬಿಗೆಯ ನೀರು ಕುಡಿದು, ತುಸು ಯೋಚಿಸಿ, "ಆತು ನಡಿ," ಎಂದಳು.

ಇಷ್ಟು ಸುಲಭವಾಗಿ ಒಪ್ಪಿದಳಲ್ಲ ಎಂದು ರಸೂಲ ಆಗಲೇ ಅನುಮಾನ ಪಡಬೇಕಿತ್ತು. ಪಡಲಿಲ್ಲ. ಸಂಭ್ರಮದಲ್ಲಿದ್ದ.

ಅಕ್ಕಿಹಿಟ್ಟಿನ ಗಂಜಿಯನ್ನು ಅಂಟಂಟಾಗುವ ಹಾಗೆ ಕಾಯಿಸಿದ್ದ. ಹುಳ ಬೀಳದಿರಲೆಂದು ಒಂದು ಚಿಟಿಕೆ ಮೈಲುತುತ್ತವನ್ನೂ ಹಾಕಿದ್ದ. ಬಟ್ಟೆಯ ಮೂಟೆಗೆ ಸುತ್ತಿ ಬಂದ ಕಂದು ಕಾಗದವನ್ನು ಪಟ್ಟಿಪಟ್ಟಿ ಹರಿದಿದ್ದ. ಮೈಗೆ ತೊಡಲು ಚಾಚಾನ ಹಳೆಯ ಬನಿಯನ್. ಎಲ್ಲವನ್ನೂ ಪರದೆಯ ಕೆಳಗಿನಿಂದ ಒಳಗೆ ತಳ್ಳಿ, ತಾನು ಜಗಲಿಯಲ್ಲಿ ಗೋಡೆಗೆ ಮುಖ ಮಾಡಿ ಕೂತ.

"ಜುಬೇದಾ, ಮೊದಲು ಅಡ್ಡ ಅಂಟಿಸು. ಆಮೇಲೆ ಉದ್ದ. ಬಗಲಲ್ಲಿ ಸಣ್ಣ ಪಟ್ಟಿ!"

ಒಳಗೆ ಪಿಸುಪಿಸು. ಆಮೇಲೆ ಪಾರ್ವತವ್ವನ ದಪ್ಪ ದನಿ ಏನೋ ಗದರಿತು. ಆಮೇಲೆ ಕಿಸಕ್ಕನೆ ನಗು.

"ನಗಬೇಡಿ! ನಕ್ಕರೆ ಎದೆ ಅಳತೆ ಕೆಡುತ್ತೆ! ಜುಬೇದಾ, ಅಂಟಿಸ್ತಾ ಇದ್ದೀಯೋ ಇಲ್ವೋ?"

"ಅಂಟಿಸ್ತಾ... ಇದ್ದಾರೆ ಭೈಯಾ," ಎಂದಳು ಜುಬೇದಾ. ಪಾರ್ವತವ್ವನೂ ಕೈ ಹಾಕಿರಬೇಕು ಎಂದುಕೊಂಡ ರಸೂಲ.

ಬಿಸಿ ಬೂದಿಯ ಕುಂಡವನ್ನು ಹತ್ತಿರವಿಟ್ಟು ಕಾಗದ ಬಿಗಿಯುವವರೆಗೆ ಕಾದರು. ಕತ್ತರಿ ಒಳಗೆ ಹೋಯಿತು, ಬೆನ್ನ ಮಧ್ಯೆ ಸೀಳಿದ ಚಿಪ್ಪು ಹೊರಗೆ ಬಂತು. ಆಮೆಯ ಚಿಪ್ಪಿನಷ್ಟು ಗಟ್ಟಿ. ರಸೂಲ ಅದನ್ನು ಎತ್ತಿ ಹಿಡಿದು ಮೂರ್ತಿ ತಂದವನಂತೆ ಬೀಗಿದ.

ಚಿಪ್ಪಿನ ಸೀಳನ್ನು ಅಂಟಿಸಿದ. ಒಳಗೆ ಒಣಹುಲ್ಲು ತುರುಕಿದ, ಭುಜಕ್ಕೆ ತೆಂಗಿನನಾರು ಒತ್ತಿದ, ಪಿನ್ನು ನಿಲ್ಲಲೆಂದು ಹಳೆಯ ದುಪ್ಪಟಿಯನ್ನು ಬಿಗಿಯಾಗಿ ಹೊದಿಸಿ ಹೊಲಿದ. ಕೋಲಿಗೆ ಮನೆಯ ಒನಕೆ, ಕೋಲು ನಿಲ್ಲಲು ಮನೆಯ ಒರಳು.

"ಬತ್ತ ಕುಟ್ಟೋದು ಎಂತದರಲ್ಲಿ? ನಿನ್ನ ತಲೆಯಲ್ಲಾ?" ಎಂದಳು ಜುಬೇದಾ.

"ಪಕ್ಕದ ಮನೆಯಲ್ಲಿ ಕುಟ್ಟಿಕೊಂಡು ಬಾ. ಇದು ಪರಿಮಳಾ. ಇವಳನ್ನು ಅಲ್ಲಾಡಿಸಬೇಡ."

ಜುಬೇದಾ ಏನೋ ಹೇಳಲು ಬಾಯಿ ತೆರೆದವಳು ಬತ್ತದ ಬುಟ್ಟಿ ಎತ್ತಿಕೊಂಡು ಹೊರಟಳು. ಅದನ್ನೂ ಅವನು ಗಮನಿಸಲಿಲ್ಲ. ಖಣ ಕತ್ತರಿಸಿದ, ಬೊಂಬೆಗೆ ಚುಚ್ಚಿದ, ಹೊಲಿದ. ಆದರೂ ಮನಸ್ಸಿನ ಯಾವುದೋ ಮೂಲೆಯಲ್ಲಿ ಹೆದರಿಕೆ ಇತ್ತು. ಒಳಹೊಲಿಗೆಗೆ ಎಲ್ಲ ಕಡೆ ಮೂರು ಬೆರಳು ಬಟ್ಟೆ ಹೆಚ್ಚಿಗೆ ಬಿಟ್ಟ. ಬೊಂಬೆಯ ಮೈಮೇಲೆ ಪೋಲ್ಕ ಒಂದು ಸುಕ್ಕಿಲ್ಲದೆ ಕೂತಿತು.

ತೊಟ್ಟು ನೋಡುವ ದಿನ ಚಾಚಾ ಮೋಟಾರನ್ನು ಮನೆಯ ಎದುರಿಗೇ ತಂದು ನಿಲ್ಲಿಸಿದ್ದ. ಕೈಯಲ್ಲಿ ಹಗ್ಗ ಹಿಡಿದಿದ್ದ. ಅದನ್ನು ಕಂಡು ರಸೂಲನಿಗೆ ಉರಿದುಹೋಯಿತು. "ಹಗ್ಗ ಯಾಕೆ ಚಾಚಾ? ಬಿಗಿದರೂ ಇವತ್ತು ಬಿಚ್ಚಿಕೊಂಡೇ ಹೋಗ್ತೀರಿ," ಎಂದ.

ಪರಿಮಳಾ ಪೋಲ್ಕ ತೆಗೆದುಕೊಂಡು ಒಳಗೆ ಹೋದಳು. ಪಾರ್ವತವ್ವ ಹೊಸ್ತಿಲಲ್ಲಿ ನಿಂತಳು. ಎಲ್ಲರೂ ಕಾದರು. ಒಳಗಿನಿಂದ ಮುಲುಗುವ ಸದ್ದು ಬಂತು.

"ಬಗಲಾಗ ಸಿಕ್ಕೊಂಡು ಮ್ಯಾಲ ಏರವಲ್ದು," ಎಂದಳು ಪರಿಮಳಾ. "ಹುಕ್ಕು ಕೂಡವಲ್ದು ಬೇ."

ಚಾಚಾ ಮಶಿನ್ನಿನ ಕಾಲಿಗೆ ಹಗ್ಗ ಸುತ್ತತೊಡಗಿದ.

"ಆಗೋ ಮಾತೇ ಇಲ್ಲ!" ರಸೂಲ ಬೊಂಬೆ ತೋರಿಸಿ ಕಿರುಚಿದ. "ಅವಳ ಮೈ ಇಲ್ಲೇ ಇದೆ! ಇದಕ್ಕೆ ಸರಿಯಾದ್ದು ಅವಳಿಗೆ ಯಾಕೆ ಸರಿಯಾಗಲ್ಲ?"

"ಸಾಬಣ್ಣಾ," ಒಳಗಿನಿಂದ ಪರಿಮಳಾಳ ದನಿ ಸಣ್ಣಗೆ ಬಂತು, "ಇದು ಜುಬೇದಾಗ ಬರೋಬ್ಬರಿ ಆಕ್ಕೈತಿ ನೋಡ್ರಿ."

ರಸೂಲ ತಂಗಿಯ ಕಡೆ ತಿರುಗಿದ. ಜುಬೇದಾ ಪರದೆಯ ಹಿಂದೆ ಅರ್ಧ ಮುಖ ಮುಚ್ಚಿಕೊಂಡು ನಿಂತಿದ್ದಳು.

"ಕಾಗದ ಅಂಟಿಸಿಕೊಂಡಿದ್ದು ನಾನು ಭೈಯಾ. ಅಂಟಿಸಿದ್ದು ಪರಿಮಳಾ."

"ಯಾಕೆ?"

"ಅವ್ವಾರು ಕೈ ಹಿಡಿದು ಬೇಡಿಕೊಂಡರು. ನೀನು ಹೊರಗಿನಿಂದ ಬೇಗ ಬೇಗ ಅಂತ ಕೂಗ್ತಾ ಇದ್ದೆ. ನಾನೇನು ಮಾಡಲಿ? ಮೈಯೆಲ್ಲಾ ತುರಿಸಿ ಸಾಯ್ತಿದ್ದೆ, ಅದನ್ನಾದರೂ ಕೇಳಿದ್ಯಾ?"

ಪಾರ್ವತವ್ವ ತಲೆ ತಗ್ಗಿಸಲಿಲ್ಲ. "ಹೌದಪಾ. ಲಗ್ನ ಗೊತ್ತಾದ ಹುಡುಗಿ ರೂಪ ಮಾಡಿ ಮಂದಿ ಮನ್ಯಾಗ ನಿಲ್ಲಿಸ್ತಾರೇನು? ಯಾರರ ಮಾಟದವರು ಕದ್ದು ಒಯ್ದು ಒಂದು ಮೊಳಿ ಹೊಡದ್ರ ಮುಗೀತು. ನೀ ಅಂತೂ ಸೂಜಿನ ಚುಚ್ಚಾಕ ಹತ್ತೀದಿ!"

"ಅದು ಪಿನ್ನು ಅವ್ವಾರೇ! ಬಟ್ಟೆಗೆ ಚುಚ್ಚೋದು!"

"ಬಟ್ಟಿಗೋ ಮೈಗೋ, ಚುಚ್ಚೂದು ಚುಚ್ಚೂದs. ಅದಕ್ಕs ನಾ ದಾರದಾಗೂ ಪೂರಾ ಅಳತಿ ಕೊಟ್ಟಿಲ್ಲ."

ರಸೂಲ ತಾನು ಕೇಳಿದ್ದು ಸರಿಯೇ ಎಂದು ಚಾಚಾನ ಮುಖ ನೋಡಿದ. ಚಾಚಾನ ಕೈಯಲ್ಲಿ ಹಗ್ಗ ನಿಂತಿತ್ತು.

"ಏನು ಕೊಟ್ಟಿಲ್ಲ?"

"ಪೂರಾ ಅಳತಿ. ಹೆಣ್ಣಮಗಳ ಖರೆ ಅಳತಿ ಹೊರಗಿನವರ ಕೈಯಾಗ ಇರಬಾರದು ಅಂತ ನಮ್ಮತ್ತಿ ಹೇಳಿಕೊಟ್ಟಾಳ. ಒಂದು ಕಡೆ ಬೆರಳು ಹೆಚ್ಚು, ಒಂದು ಕಡೆ ಕಮ್ಮಿ, ಹಿಂಗ ತಪ್ಪಿಸೇ ಗಂಟು ಹಾಕೂದು. ನನ್ನ ಲಗ್ನದ ಕುಪ್ಪಸಕ್ಕೂ ಹಂಗs ಕೊಟ್ಟಿದ್ದರು. ಅದೇನು ಹರೀಲಿಲ್ಲಪಾ."

"ಅದು ಕಟ್ಟಿಕೊಳ್ಳೋ ಕುಪ್ಪಸ! ಇದಕ್ಕೆ ಹುಕ್ಕು ಇದೆ ಮಾರಾಯ್ತೀ!" ರಸೂಲ ಕೈಯಲ್ಲಿದ್ದ ಟೇಪನ್ನು ನೆಲಕ್ಕೆ ಬಡಿದ. "ಸುಳ್ಳು ದಾರ ಕೊಡ್ತೀರಿ, ಸುಳ್ಳು ಮೈ ಕೊಡ್ತೀರಿ, ಪೋಲ್ಕ ಮಾತ್ರ ಖರೆ ಆಗಬೇಕು! ನನ್ನ ಮಶಿನ್ನಿಗೆ ಹಗ್ಗ ಬಿದ್ದಿದೆ ಇಲ್ಲಿ!"

ಪರಿಮಳಾ ಪರದೆಯ ಆಚೆಯಿಂದಲೇ ಸಿಡುಕಿದಳು. "ಅವ್ವಾ, ಈ ಸಲದ ದಾರದಾಗ ಎಲ್ಲೆಲ್ಲಿ ಎಷ್ಟು ತಪ್ಪಿಸೀದಿ ಅಂತ ಈಗ ಹೇಳತೀಯೋ, ನಾ ಹರಕ್ ಪೋಲ್ಕದಾಗ ಹಂದರಕ್ಕ ಬರಲೋ?"

ಪಾರ್ವತವ್ವ ಬೀದಿಯ ಕಡೆ ನೋಡಿ, ಯಾರೂ ಕೇಳುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ರಸೂಲನ ಕಿವಿಯ ಹತ್ತಿರ ಬಾಗಿ ಗುಟ್ಟು ಹೇಳುವಂತೆ ಹೇಳಿದಳು. ಎದೆಯಲ್ಲಿ ಒಂದು ಬೆರಳು ಕಮ್ಮಿ. ಬಗಲಲ್ಲಿ ಎರಡು ಕಮ್ಮಿ. ತೋಳು ಮಾತ್ರ ಖರೆ.

ರಸೂಲ ಮೊಳೆಯಲ್ಲಿ ಜೋತಿದ್ದ ದಾರ ಕಿತ್ತ. ಗಂಟುಗಳಿಗೆ ಆ ಬೆರಳುಗಳನ್ನು ಸೇರಿಸಿದ. ದುಪ್ಪಟಿಯ ಉಳಿದ ತುಂಡನ್ನು ಪಟ್ಟಿ ಹರಿದು, ದಾರ ಹಿಡಿದು ನೋಡುತ್ತ, ಬೊಂಬೆಗೆ ಸುತ್ತತೊಡಗಿದ. ಎದೆಗೆ ಒಂದು ಸುತ್ತು, ಬಗಲಿಗೆ ಇನ್ನಷ್ಟು. ಬಾಯಲ್ಲಿ ಬೈಗುಳ ನಿಲ್ಲಲಿಲ್ಲ, ಕೈಯೂ ನಿಲ್ಲಲಿಲ್ಲ. ಜುಬೇದಾಳ ಮೈಯ ಮೇಲೆ ಪರಿಮಳಾಳ ಮೈ ಏರಿತು. ಪೋಲ್ಕದ ಹೊಲಿಗೆ ಬಿಚ್ಚಿದ, ಒಳಗೆ ಬಿಟ್ಟಿದ್ದ ಬಟ್ಟೆಯನ್ನು ಹೊರತೆಗೆದ, ಮತ್ತೆ ಚುಚ್ಚಿ, ಹಗ್ಗ ಸುತ್ತಿದ ಮಶಿನ್ನಿನಲ್ಲೇ ಹೊಲಿದ. ಪೆಡಲು ತುಳಿದಾಗಲೆಲ್ಲ ಹಗ್ಗ ಕಿರ್‌ಗುಟ್ಟುತ್ತಿತ್ತು. ಚಾಚಾ ಅದನ್ನು ಬಿಚ್ಚಲೂ ಇಲ್ಲ, ಬಿಗಿಯಲೂ ಇಲ್ಲ.

ಪರಿಮಳಾ ಮತ್ತೆ ತೊಟ್ಟಳು. ಈ ಸಲ ಪರದೆಯ ಹೊರಗೇ ಬಂದಳು, ಮೈತುಂಬ ಸೆರಗು ಹೊದ್ದು. ಎದುರಿಗೆ ವರ ನಿಂತಿದ್ದಾನೆ ಎಂಬಂತೆ ಎರಡೂ ಕೈಗಳನ್ನು ಮೇಲೆತ್ತಿದಳು. ರಸೂಲ ಕಣ್ಣು ಮುಚ್ಚಿಕೊಂಡ.

ಚರ್ ಅನ್ನಲಿಲ್ಲ.

"ಇನ್ನೂ ಮ್ಯಾಲ ಎತ್ತು," ಎಂದಳು ಪಾರ್ವತವ್ವ. "ಹುಡುಗ ಎತ್ತರ ಅದಾನ."

ಇನ್ನೂ ಮೇಲೆತ್ತಿದಳು. ಪೋಲ್ಕ ಕೈಯ ಜೊತೆ ಏರಿ ಕೈಯ ಜೊತೆ ಇಳಿಯಿತು.

ಚಾಚಾ ಬಗ್ಗಿ ಮಶಿನ್ನಿನ ಕಾಲಿನ ಹಗ್ಗ ಬಿಚ್ಚಿದ. ಮೊಣಕೈಗೆ ಸುತ್ತಿಕೊಳ್ಳುತ್ತ, "ಯಲ್ಲಾಪುರದವನಿಗೆ ಏನು ಹೇಳಲಿ?" ಎಂದ.

"ಮಶಿನ್ನು ಬೇಕಾದರೆ ಮೊದಲು ಖರೆ ಅಳತೆ ಕಳಿಸು ಅಂತ ಹೇಳಿ."

ಪಾರ್ವತವ್ವ ಮಾತ್ರ ಜಗಲಿ ಬಿಟ್ಟು ಏಳಲಿಲ್ಲ. ಬೊಂಬೆಯ ಕಡೆ ಕೈ ತೋರಿಸಿದಳು. "ಅದನ್ನ ಬಿಚ್ಚು. ನನ್ನ ಕಣ್ಣ ಮುಂದs ಬಿಚ್ಚು." ರಸೂಲ ಹಲ್ಲು ಕಡಿಯುತ್ತ ಸುತ್ತಿದ್ದನ್ನೆಲ್ಲ ಬಿಚ್ಚಿದ. ಅವಳು ಆ ಪಟ್ಟಿಗಳನ್ನೂ ದಾರವನ್ನೂ ಮುದ್ದೆ ಮಾಡಿ ಸೆರಗಿಗೆ ಗಂಟು ಹಾಕಿಕೊಂಡು, ಮಗಳನ್ನು ಮುಂದೆ ಬಿಟ್ಟುಕೊಂಡು ನಡೆದಳು. ಹೋಗುವಾಗ ಪರಿಮಳಾ ಮೂಲೆಯಲ್ಲಿ ಬಿದ್ದಿದ್ದ ಮೊದಲಿನ ಸಡಿಲ ಪೋಲ್ಕವನ್ನು "ನಿನಗಿರಲಿ" ಎಂದು ಜುಬೇದಾಳ ಕೈಯಲ್ಲಿ ತುರುಕಿ ಹೋದಳು.

ಒರಳಿನಲ್ಲಿ ಬೊಂಬೆ ಮತ್ತೆ ಸಣ್ಣಗೆ ನಿಂತಿತ್ತು. ರಸೂಲ ತಂಗಿಯ ಕೈಯಿಂದ ಪೋಲ್ಕ ಕಸಿದು ಅದಕ್ಕೆ ತೊಡಿಸಿದ, ಬಗಲ ಹತ್ತಿರ ಹೆಚ್ಚಾದ ಬಟ್ಟೆಯನ್ನು ಚಿವುಟಿ ಹಿಡಿದ.

"ನಾನು ತೊಟ್ಟು ನಿಲ್ಲಲಾ ಭೈಯಾ?"

"ನೀನು ಯಾಕೆ? ನೀನು ಆಗಲೇ ನಿಂತಿದ್ದೀಯಲ್ಲ ಇಲ್ಲಿ. ಪಿನ್ನು ಕೊಡು."

"ಮತ್ತೆ ನನ್ನ ಒನಕೆ?"

"ನಾಳೆ," ಎಂದ ರಸೂಲ, ಬಾಯಿ ತುಂಬ ಪಿನ್ನು ಕಚ್ಚಿಕೊಂಡು.