ಒತ್ತಿ ತುಂಬಿದ ಪಾವು

ನಾನು ಒಂದು ಹಿತ್ತಾಳೆಯ ಪಾವು, ಸೇರಿನ ಕಾಲು ಭಾಗ. ನಾಗಮಂಗಲದ ಕಂಚುಗಾರರೊಬ್ಬರ ಕುಲುಮೆಯಲ್ಲಿ ಕರಗಿ, ಅಚ್ಚಿನಲ್ಲಿ ತಣಿದು, ಅರದಿಂದ ಉಜ್ಜಿಸಿಕೊಂಡು ಹುಟ್ಟಿದೆ. ನನ್ನಲ್ಲಿ ಬೆಲೆಬಾಳುವುದು ಹಿತ್ತಾಳೆಯಲ್ಲ, ಒಳಗಿನ ಖಾಲಿ ಜಾಗ. ಅದು ಸುಳ್ಳು ಹೇಳಬಾರದು. ಆದರೆ ನನ್ನಿಂದ ಸುಳ್ಳು ಹೇಳಿಸಿದರು. ಆ ಸಿಟ್ಟು ನನಗಿನ್ನೂ ಆರಿಲ್ಲ.

ನನ್ನನ್ನು ಕೊಂಡವರು ನಂಜನಗೂಡಿನ ಚನ್ನಾಜಮ್ಮ. ಅವರ ಚಕ್ಕುಲಿಗೆ ಊರಲ್ಲೆಲ್ಲ ಹೆಸರು. ನಾಲ್ಕು ಪಾವು ಅಕ್ಕಿ ಹಿಟ್ಟಿಗೆ ಒಂದು ಪಾವು ಹುರಿದ ಉದ್ದಿನ ಹಿಟ್ಟು; ಅಕ್ಕಿ ಹೆಚ್ಚಾದರೆ ಚಕ್ಕುಲಿ ಗಟ್ಟಿ. ಹಿಟ್ಟನ್ನು ಹಗುರವಾಗಿ ಉದುರಿಸಿ, ಅಂಗೈಯಂಚಿನಿಂದ ನನ್ನ ತಲೆ ಸವರುತ್ತಿದ್ದರು. ಒಂದು ದಿನವೂ ಕುಕ್ಕಲಿಲ್ಲ, ಒತ್ತಲಿಲ್ಲ.

ಅವರಿಗೆ ಇಬ್ಬರು ಸೊಸೆಯರು. ಹಿರಿಯವಳು ದಾಕ್ಷಾಯಣಿ, ಕಿರಿಯವಳು ಸರ್ವಮಂಗಳ. ಚನ್ನಾಜಮ್ಮ ತೀರಿಕೊಂಡ ಮೇಲೆ ಮನೆ ಭಾಗವಾಗಿ, ನಾನು ದಾಕ್ಷಾಯಣಿಯ ಪಾಲಿಗೆ ಬಂದೆ. ಮಂಗಳ ಬೇರೆ ಮನೆ ಮಾಡಿ ಕುರುಕಲು ತಿಂಡಿ ಮಾರಲು ಹೊರಟಳು. ಒಂದು ಮದುವೆ ಮನೆಯಿಂದ ಅವಳಿಗೆ ಮೊದಲ ದೊಡ್ಡ ಆರ್ಡರು ಬಂತು. ದಾಕ್ಷಾಯಣಿಗೆ ಫೋನ್ ಮಾಡಿದಳು.

"ಅಕ್ಕ, ಅಷ್ಟೊಂದು ಹಿಟ್ಟನ್ನ ಪಾವಲ್ಲಿ ಅಳೀತಾ ಕೂರೋಕಾಗಲ್ಲ. ಅತ್ತೆ ಪಾವು ನಿಮ್ಮ ಹತ್ರಾನೇ ಇದೆಯಲ್ಲ. ಅದರಲ್ಲಿ ಅಕ್ಕಿ ಹಿಟ್ಟು ಎಷ್ಟು ಗ್ರಾಂ, ಉದ್ದಿನ ಹಿಟ್ಟು ಎಷ್ಟು ಗ್ರಾಂ ಹಿಡಿಯುತ್ತೆ, ಸ್ವಲ್ಪ ತೂಗಿ ಹೇಳ್ತೀರಾ?"

"ಅದಕ್ಕೇನಂತೆ, ಹೇಳ್ತೀನಿ" ಅಂದಳು ದಾಕ್ಷಾಯಣಿ.

ಫೋನಿಟ್ಟು ನನ್ನನ್ನು ಎತ್ತಿಕೊಂಡಳು. ಅಕ್ಕಿ ಹಿಟ್ಟು ತುಂಬಿ ಕಟ್ಟೆಯ ಮೇಲೆ ಕುಕ್ಕಿದಳು. ಹೆಬ್ಬೆರಳಿನಿಂದ ಒತ್ತಿದಳು. ಇನ್ನಷ್ಟು ಸುರಿದು ಮತ್ತೆ ಒತ್ತಿದಳು. ನನಗೆ ಉಸಿರು ಕಟ್ಟಿತು. ತೂಕದ ಯಂತ್ರದಲ್ಲಿ ಆ ಹಿಟ್ಟು ನೂರ ತೊಂಬತ್ತು ಗ್ರಾಂ ತೂಗಿತು. ಉದ್ದಿನ ಹಿಟ್ಟನ್ನು ಮಾತ್ರ ಹಗುರವಾಗಿ ತುಂಬಿ ತೂಗಿದಳು. ಎರಡೂ ತೂಕವನ್ನು ಓರಗಿತ್ತಿಗೆ ಹೇಳಿದಳು. ಬಾಯಿದ್ದಿದ್ದರೆ ನಾನು ಬೀದಿಗೆ ಕೇಳುವಂತೆ ಕೂಗುತ್ತಿದ್ದೆ.

ಮದುವೆ ಮುಗಿದ ಮಾರನೆಯ ದಿನ ಮಂಗಳ ತನ್ನ ತೂಕದ ಯಂತ್ರವನ್ನು ಚೀಲದಲ್ಲಿ ಹಾಕಿಕೊಂಡು ಬಂದಳು. ಚಪ್ಪಲಿ ಬಿಟ್ಟವಳೇ ನೇರ ಅಡುಗೆಮನೆಗೆ ನುಗ್ಗಿದಳು.

"ಚಕ್ಕುಲಿ ಕಲ್ಲಾಗಿತ್ತು ಅಕ್ಕ. ಬುಟ್ಟಿ ಸಮೇತ ವಾಪಸ್ ಕಳಿಸಿದ್ರು. ಕರಿಯುವಾಗಲೇ ಗಟ್ಟಿ ಅನ್ನಿಸ್ತು. ಅತ್ತೆ ಅಳತೆ ತಪ್ಪಲ್ಲ ಅಂತ ನಂಬಿದೆ. ಕೊಡಿ ಆ ಪಾವು."

ಅವಳು ಅತ್ತೆಯಂತೆಯೇ ಉದುರಿಸಿ, ತಲೆ ಸವರಿ, ಅಕ್ಕಿ ಹಿಟ್ಟನ್ನು ಯಂತ್ರಕ್ಕೆ ಸುರಿದಳು. ನೂರ ನಲವತ್ತು.

"ಒತ್ತಿ ತುಂಬಿದ್ರಾ?"

"ಹೌದು, ಒತ್ತಿದೆ!" ದಾಕ್ಷಾಯಣಿ ಕಿರುಚಿದಳು. "ಹಾಸಿಗೆ ಹಿಡಿದ ಅತ್ತೆಯ ಹೇಲು ಉಚ್ಚೆ ಬಳಿದೋಳು ನಾನು. ಅವರ ಬಾಯಲ್ಲಿ ಮಾತ್ರ ನಿನ್ನ ಹೆಸರೇ. ಮಂಗಳನ ಕೈರುಚಿ, ಮಂಗಳನ ಹದ! ನನಗೆ ಒಂದು ದಿನ ಒಂದು ಒಳ್ಳೆ ಮಾತು ಹೇಳಿದ್ರಾ?"

ಮಂಗಳ ನನ್ನನ್ನು ಕಟ್ಟೆಯ ಮೇಲಿಟ್ಟಳು. ಆಮೇಲೆ ಅಂದಳು: "ಸಿಟ್ಟಿದ್ದರೆ ನನ್ನ ಕೆನ್ನೆಗೆ ಹೊಡೀಬೇಕಿತ್ತು ಅಕ್ಕ. ಆ ಸಿಟ್ಟನ್ನ ಹಿಟ್ಟಲ್ಲಿ ಯಾಕೆ ತುಂಬಿದ್ರಿ?"

ಸರಿಯಾದ ತೂಕ ತಿಳಿದುಕೊಂಡು ಹೊರಟುಹೋದಳು. ಮತ್ತೆ ಈ ಹೊಸ್ತಿಲು ತುಳಿಯಲಿಲ್ಲ. ಅವಳ ಬೆನ್ನು ಮರೆಯಾದ ಕೂಡಲೇ ದಾಕ್ಷಾಯಣಿ ನನ್ನನ್ನು ಗೋಡೆಗೆ ಬೀಸಿ ಒಗೆದಳು. ನನ್ನ ಹೊಟ್ಟೆ ಒಳಕ್ಕೆ ತಗ್ಗಿತು. ಅಂದಿನಿಂದ ನಾನು ಪಾವೂ ಅಲ್ಲ, ಅರೆಪಾವೂ ಅಲ್ಲ. ಬಚ್ಚಲುಮನೆಯ ಮೂಲೆಯಲ್ಲಿ ಸೋಪಿನ ಪುಡಿ ಹೊತ್ತು ಕೂತಿದ್ದೇನೆ.

ನನ್ನ ಸಿಟ್ಟು ಮೊದಲು ದಾಕ್ಷಾಯಣಿಯ ಮೇಲಷ್ಟೇ ಇತ್ತು. ಈಗ ಚನ್ನಾಜಮ್ಮನ ಮೇಲೂ ಇದೆ. ಹಿಟ್ಟನ್ನು ಅಷ್ಟು ನೇರವಾಗಿ ಅಳೆದ ಆ ಕೈಗೆ ಇಬ್ಬರು ಸೊಸೆಯರನ್ನು ಅಳೆಯಲು ಬರಲಿಲ್ಲ.

ಮೊನ್ನೆ ದಾಕ್ಷಾಯಣಿಯ ಗಂಡ ಅಂಗಡಿಯಿಂದ ಮಂಗಳನ ಚಕ್ಕುಲಿಯ ಪೊಟ್ಟಣ ತಂದ. "ಒಂದು ತಿಂದು ನೋಡೇ" ಅಂದ. ಚಕ್ಕುಲಿ ಮುರಿದ ಸದ್ದು ಬಚ್ಚಲಿನವರೆಗೂ ಕೇಳಿತು. ಇನ್ನೊಂದು ಮುರಿಯಿತು, ಮತ್ತೊಂದೂ ಮುರಿಯಿತು.

"ಹೇಗಿದೆ?" ಗಂಡ ಕೇಳಿದ.

ಒಂದು ಒಳ್ಳೆ ಮಾತು ಅವಳ ಬಾಯಿಂದಲೂ ಬರಲಿಲ್ಲ.