ಮೂರು ಬೆರಳು ಎತ್ತರ

ಸಿಂಹಾಸನಗಳಿಗಾಗಿ ನಡೆದ ಕಾದಾಟಗಳನ್ನು ಶ್ರದ್ಧೆಯಿಂದ ಬರೆದಿಟ್ಟವರು ಸ್ಟೂಲುಗಳ ವಿಷಯದಲ್ಲಿ ಏಕೋ ಉದಾಸೀನ ತೋರಿದ್ದಾರೆ. ಆ ಕೊರತೆಯನ್ನು ತುಂಬುವ ಸಲುವಾಗಿ ಇಲ್ಲಿ ದಾಖಲಿಸಬೇಕಾದ ಗಂಭೀರ ಸಂಗತಿ ಇದು: ಒಂದು ಸೋಮವಾರ ಬೆಳಿಗ್ಗೆ ಎಂಟೂಕಾಲಿಗೆ, ರಕ್ತಪರೀಕ್ಷೆಯ ಲ್ಯಾಬೊಂದರ ಕತ್ತಲೆ ಕೋಣೆಯಲ್ಲಿ, ಮೈಕ್ರೋಸ್ಕೋಪಿನ ಮುಂದಿನ ತಿರುಗುವ ಸ್ಟೂಲು ಮೂರು ಬೆರಳು ಎತ್ತರವಾಗಿತ್ತು.

ಅದರ ಮೇಲೆ ಕೂತ ಚುಕ್ಕಕ್ಕನ ಕಾಲುಗಳು ನೆಲಕ್ಕೆ ಎಟುಕದೆ ತೂಗಾಡಿದವು. ಇಪ್ಪತ್ತೆರಡು ವರ್ಷಗಳಲ್ಲಿ ಅವು ತೂಗಾಡಿದ್ದು ಅದೇ ಮೊದಲು.

ಚುಕ್ಕಕ್ಕ ಅಲ್ಲಿನ ಹಿರಿಯ ಟೆಕ್ನಿಷಿಯನ್. ಮೈ ಕಾಯಲೆಂದು ಹುಟ್ಟಿದ ಪ್ರತಿಕಾಯಗಳು ಕೆಲವರ ರಕ್ತದಲ್ಲಿ ದಾರಿ ತಪ್ಪಿ, ಹೊರಗಿನ ಕಳ್ಳನನ್ನು ಬಿಟ್ಟು ಮನೆಯವರ ಮೇಲೆಯೇ ಎಗರುತ್ತವೆ. ಅಂಥವರ ರಕ್ತದ ತಿಳಿಯನ್ನು ಗಾಜಿನ ಮೇಲೆ ಹಾಕಿ ಬಣ್ಣ ಕೂಡಿಸಿ ಕತ್ತಲಲ್ಲಿ ನೋಡಿದರೆ ಹಸಿರು ಹೊಳೆಯುತ್ತದೆ. ಒಬ್ಬರದ್ದು ಉಂಗುರದ ಹಾಗೆ, ಒಬ್ಬರದ್ದು ತುಂಬಿದ ಚಂದ್ರನ ಹಾಗೆ, ಇನ್ನೊಬ್ಬರದ್ದು ಚುಕ್ಕೆ ಚುಕ್ಕೆ. ಬೇರೆಯವರಿಗೆ ಬರೀ ಮಂಜಾಗಿ ಕಂಡದ್ದರಲ್ಲಿ ಚುಕ್ಕೆ ಕಾಣುತ್ತಿದ್ದುದು ಅವಳಿಗೆ. ಹೆಸರು ಬಂದದ್ದು ಹಾಗೆ. ರಿಪೋರ್ಟಿಗೆ ಸಹಿ ಹಾಕುವ ಡಾಕ್ಟರು ಅನುಮಾನ ಬಂದಾಗಲೆಲ್ಲ ಬಾಗಿಲಲ್ಲಿ ನಿಂತು, "ಕಣ್ಣು ಬಂತಾ?" ಎಂದು ಕೇಳುತ್ತಿದ್ದರು. ಚುಕ್ಕಕ್ಕ ಬಂದಳೇ ಎಂದು ಅದರ ಅರ್ಥ. ಎರಡು ಸಲ ಬಡ್ತಿ ತಪ್ಪಿದ್ದರೂ ಅವಳು ಆ ಒಂದು ಮಾತಿನ ಮೇಲೆ ಸುಖವಾಗಿ ಬದುಕಿದ್ದಳು.

ಎರಡು ತಿಂಗಳ ಹಿಂದೆ ಹೊಸಬಳು ಬಂದಳು. ಮೂವತ್ತೈದರ ಆಸುಪಾಸಿನವಳು, ನೀಳಗಾಲಿನವಳು, ಹತ್ತು ವರ್ಷ ಇನ್ನೊಂದು ಲ್ಯಾಬಿನಲ್ಲಿ ದುಡಿದವಳು. ಕಳೆದ ವಾರ ಡಾಕ್ಟರು ಬಾಗಿಲಲ್ಲಿ ನಿಂತು, "ಕಣ್ಣುಗಳು ಬಂದ್ವಾ?" ಎಂದರು.

ವ್ಯಾಕರಣದ ಪ್ರಕಾರ 'ಗಳು' ಒಂದು ಬಹುವಚನ ಪ್ರತ್ಯಯ. ಯಾರಿಗೂ ಅದರಿಂದ ಅಪಾಯವಾದ ವರದಿಯಿಲ್ಲ. ಚುಕ್ಕಕ್ಕನಿಗೆ ಮಾತ್ರ ಅದು ಎದೆಯಲ್ಲಿ ಇಳಿದು, ಹೊಟ್ಟೆಯಲ್ಲಿ ಹೊತ್ತಿಕೊಂಡು, ನಾಲ್ಕು ದಿನ ಉರಿಯಿತು.

"ಮನುಷ್ಯನಿಗೆ ಕಣ್ಣು ಎರಡು ಇರೋದೇ ಅಲ್ವಾ ಅಕ್ಕ?" ಎಂದು ಸೂಜಿಯಣ್ಣ ಸಮಾಧಾನ ಹೇಳಿದ. ರಕ್ತ ತೆಗೆಯುವುದು ಅವನ ಕೆಲಸ, ನೋಯಿಸದೆ ಚುಚ್ಚುತ್ತೇನೆ ಎಂಬುದು ಅವನ ಹೆಮ್ಮೆ.

"ನಿನಗೆ ನಾಲಿಗೆ ಒಂದೇ ಇದೆಯಲ್ಲ, ಅಷ್ಟು ಸಾಕು" ಎಂದಳು ಚುಕ್ಕಕ್ಕ. ಇವತ್ತು ಸ್ಟೂಲಿನ ಸುದ್ದಿಯನ್ನೂ ಹೇಳಿದಳು. "ಮೊದಲು ಸ್ಟೂಲು ಏರಿಸ್ತಾರೆ. ಆಮೇಲೆ ನಮ್ಮನ್ನ ಇಳಿಸ್ತಾರೆ."

"ಅವಳ ಕಾಲು ಉದ್ದ ಅಕ್ಕ. ಪಿತೂರಿ ಅಲ್ಲ, ಎಲುಬು."

ಅಷ್ಟರಲ್ಲಿ ಹೊಸಬಳೇ ಬಂದು, "ಅಕ್ಕಾ, ಸ್ಟೂಲು ಇಳಿಸೋಕೆ ಮರೆತೇಬಿಟ್ಟೆ, ಬೇಜಾರಾಯ್ತಾ?" ಎಂದು ಕೇಳಿದಳು.

"ಛೆ ಛೆ, ಸ್ಟೂಲಿಗೆಲ್ಲ ಯಾರಾದ್ರೂ ಬೇಜಾರು ಮಾಡ್ಕೋತಾರಾ" ಎಂದು ಚುಕ್ಕಕ್ಕ ನಕ್ಕಳು. ಹಲ್ಲುಗಳಷ್ಟೇ ನಕ್ಕವು.

ಒಂಬತ್ತೂವರೆಗೆ ಒಬ್ಬ ದರ್ಜಿ ಬಂದ. ಮಾರನೆಯ ಬೆಳಿಗ್ಗೆ ಅವನಿಗೆ ಪಿತ್ತಕೋಶದ ಆಪರೇಷನ್. ಅದಕ್ಕೆ ಮುಂಚೆ ರಕ್ತದ ಲೆಕ್ಕ ಬೇಕು. ಸೂಜಿಯಣ್ಣ, ರಕ್ತ ಹೆಪ್ಪುಗಟ್ಟದಂತೆ ಮದ್ದು ಹಾಕಿದ ನೇರಳೆ ಮುಚ್ಚಳದ ಟ್ಯೂಬಿಗೆ ರಕ್ತ ತೆಗೆದುಕೊಟ್ಟ. ಹೊಸಬಳು ಅದನ್ನು ಎಸಿಯ ಕೆಳಗಿನ ಸ್ಟ್ಯಾಂಡಿನಲ್ಲಿಟ್ಟು, ಸರದಿ ಬಂದಾಗ ಯಂತ್ರಕ್ಕೆ ಕೊಟ್ಟಳು. ಯಂತ್ರ ಅಸಂಬದ್ಧ ಬಡಬಡಿಸಿತು. ಕೆಂಪು ಕಣಗಳು ಇರಬೇಕಾದ್ದರಲ್ಲಿ ಕಾಲು ಭಾಗ ಎಂದಿತು. ಆ ಕಣಗಳೊಳಗೇ ಇರುವ ಹಿಮೋಗ್ಲೋಬಿನ್ ಮಾತ್ರ ಹತ್ತಿರ ಹತ್ತಿರ ಸರಿಯಾಗಿದೆ ಎಂದಿತು. ಕಾಲು ಮೂಟೆ ಹಿಡಿಯುವ ಚೀಲದಲ್ಲಿ ಮುಕ್ಕಾಲು ಮೂಟೆ ಅಕ್ಕಿ ಇದೆ ಎಂದ ಹಾಗೆ.

ಹೊಸಬಳು ಟ್ಯೂಬನ್ನು ಓರೆಮಾಡಿ ನೋಡಿದಳು. ಗಾಜಿನ ಗೋಡೆಗೆ ಕೆಂಪು ಮರಳಿನಂಥ ಹರಳುಗಳು ಅಂಟಿದ್ದವು. "ಹೆಪ್ಪುಗಟ್ಟಿದೆ. ಸರಿಯಾಗಿ ತಿರುವಿಲ್ಲ. ಮತ್ತೆ ತೆಗೀರಿ" ಎಂದಳು.

"ಎಂಟು ಸಲ ತಿರುವಿದೀನಮ್ಮ" ಎಂದು ಸೂಜಿಯಣ್ಣ ಗೊಣಗಿ, ಮತ್ತೆ ತೆಗೆದ. ಮತ್ತೆ ಅದೇ ಹರಳು.

ಹತ್ತು ಗಂಟೆಗೆ ಹೊಸಬಳು ಇನ್ನೊಂದು ಯಂತ್ರದ ಕಡೆ ಹೋಗಿದ್ದಾಗ ಚುಕ್ಕಕ್ಕ ಆ ಎರಡನೆಯ ಟ್ಯೂಬನ್ನು ಕೈಗೆತ್ತಿಕೊಂಡಳು. ಹೆಪ್ಪಾಗಿದ್ದರೆ ಲೋಳೆಯಾಗಿ ಜಾರುತ್ತಿತ್ತು. ಇದು ಜಾರಲಿಲ್ಲ. ಅಂಗೈಯಲ್ಲಿ ಮುಚ್ಚಿ ಹಿಡಿದು ಐದು ನಿಮಿಷ ನಿಂತಳು. ತೆರೆದಾಗ ಮರಳು ಅರ್ಧಕ್ಕರ್ಧ ಕರಗಿತ್ತು.

ಅವಳಿಗೆ ಗೊತ್ತಾಯಿತು. ಕೆಲಸ ಕಲಿಸಿದ ಮುದುಕ ಇಂಥ ಟ್ಯೂಬುಗಳನ್ನು ಕಂಕುಳಲ್ಲಿಟ್ಟುಕೊಂಡು ಓಡಾಡುತ್ತಿದ್ದ. ಇದು ಚಳಿಯ ಪ್ರತಿಕಾಯ. ತಂಪು ತಗುಲಿದರೆ ಸಾಕು, ಕೆಂಪು ಕಣಗಳನ್ನು ಒಂದಕ್ಕೊಂದು ಅಂಟಿಸಿ ಗುಂಪು ಮಾಡುತ್ತದೆ. ಬಡ ಯಂತ್ರ ಹತ್ತು ಜನರ ಗುಂಪನ್ನು ಒಬ್ಬನೆಂದು ಎಣಿಸುತ್ತದೆ. ಬೆಚ್ಚಗಾದರೆ ಎಲ್ಲ ಬಿಡಿಬಿಡಿ. ಹೊಸಬಳು ಮೊದಲಿದ್ದ ಲ್ಯಾಬಿನಲ್ಲಿ ಎಸಿ ಇರಲಿಲ್ಲ. ಅವಳು ಇದನ್ನು ಕಂಡಿರಲು ಕಾರಣವೇ ಇಲ್ಲ.

ಹೇಳಲು ಒಂದು ವಾಕ್ಯ ಸಾಕಿತ್ತು. ಚುಕ್ಕಕ್ಕ ಟ್ಯೂಬನ್ನು ಎಸಿಯ ಕೆಳಗೆ, ಇದ್ದಲ್ಲಿಗೇ ಇಟ್ಟಳು. ಹೇಳಲಿ ಈಗ ಅವಳೇ, ಎಂದುಕೊಂಡಳು. ಎರಡನೇ ಕಣ್ಣು ಏನು ಕಾಣುತ್ತದೋ ನೋಡೋಣ.

ಎರಡನೇ ಕಣ್ಣು ಮೂರನೆಯ ಸಲ ರಕ್ತ ತರಿಸಿತು. ಮಧ್ಯಾಹ್ನ ನಾಲ್ಕನೆಯ ಸಲ. ಸೂಜಿಯಣ್ಣನ ಮುಖ ಬಾಡಿತು. "ಇನ್ನೊಂದು ಸಲ ಚುಚ್ಚಿದ್ರೆ ಇವರ ಕೈ ಜರಡಿ" ಎಂದ. ಹೊಸಬಳ ಹಣೆಯಲ್ಲಿ ಬೆವರು. ಚುಕ್ಕಕ್ಕ ಎಂದೂ ಇಲ್ಲದಷ್ಟು ಅಚ್ಚುಕಟ್ಟಾಗಿ ಲೇಬಲ್ಲುಗಳನ್ನು ಅಂಟಿಸುತ್ತಿದ್ದಳು. ನಾಲಿಗೆಯ ಮೇಲೆ ಸಕ್ಕರೆ ಇಟ್ಟುಕೊಂಡವಳ ಹಾಗಿದ್ದಳು.

ಎರಡು ಗಂಟೆಗೆ ಡಾಕ್ಟರು ಬಂದು ಹೇಳಿದರು. "ಆಸ್ಪತ್ರೆಯಿಂದ ಮೂರು ಸಲ ಫೋನ್ ಬಂತು. ನಾಲ್ಕು ಗಂಟೆವರೆಗೆ ನೋಡ್ತೀನಿ. ಆಗಲಿಲ್ಲ ಅಂದ್ರೆ ಇರೋ ಲೆಕ್ಕಾನೇ ಬರೆದು ಕಳಿಸೋದು. ರಕ್ತ ತೀರಾ ಕಮ್ಮಿ ಅಂತ ಅವರು ಎರಡು ಬಾಟ್ಲಿ ಕೊಟ್ಕೋತಾರೆ."

ಚುಕ್ಕಕ್ಕನ ಕೈಯಲ್ಲಿ ಲೇಬಲ್ಲು ಓರೆಯಾಯಿತು. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ರಕ್ತ, ತಣ್ಣನೆಯ ಆಪರೇಷನ್ ಕೋಣೆ, ಈ ಮನುಷ್ಯನ ಮೈ. ಟ್ಯೂಬಿನಲ್ಲಿ ಕಂಡ ಮರಳು ರಕ್ತನಾಳಗಳಲ್ಲಿ ಆಗುತ್ತದೆ. ಇಷ್ಟು ದೂರವನ್ನು ಅವಳ ಹೊಟ್ಟೆಕಿಚ್ಚು ಲೆಕ್ಕ ಹಾಕಿರಲಿಲ್ಲ.

ಹೊರಗೆ ಬೆಂಚಿನ ಮೇಲೆ ದರ್ಜಿ ಕೂತಿದ್ದ. ಎರಡೂ ಮೊಣಕೈಗೆ ಹತ್ತಿ. ಬೆರಳ ತುದಿಗಳು ಇಂಕಿನಲ್ಲಿ ಅದ್ದಿದಂತೆ ನೀಲಿ.

"ಅಮ್ಮಾ, ನನ್ನ ರಕ್ತದಲ್ಲಿ ಅಂಥದ್ದೇನು ತಪ್ಪು? ಬಟ್ಟೆ ಒಂದೇ ಸಲ ಅಳತೆ ತಗೊಂಡು ಹೊಲೀಬೇಕು. ನಾಲ್ಕು ಸಲ ಅಳೆದ್ರೆ ಗಿರಾಕಿಗೆ ಅನುಮಾನ ಬರುತ್ತೆ."

"ತಪ್ಪು ನಿಮ್ಮದಲ್ಲ" ಎಂದಳು ಚುಕ್ಕಕ್ಕ. "ಬೆರಳು ಯಾವಾಗಿಂದ ಹೀಗೆ?"

"ತಣ್ಣೀರು ಮುಟ್ಟಿದಾಗೆಲ್ಲ ಹೀಗೇ. ವಯಸ್ಸಾಯ್ತು ಅಂದ್ಕೊಂಡೆ."

ಅವಳು ಒಳಗೆ ಬಂದಾಗ ಹೊಸಬಳು ಊಟಕ್ಕೆ ಎದ್ದಿದ್ದಳು. ಚುಕ್ಕಕ್ಕ ನಾಲ್ಕನೆಯ ಟ್ಯೂಬನ್ನು ಮೈಯಷ್ಟೇ ಬೆಚ್ಚಗಿರುವ ನೀರಿನ ತೊಟ್ಟಿಯಲ್ಲಿ ಅರ್ಧ ಗಂಟೆ ಇಟ್ಟಳು. ಹರಳು ಹೇಳಹೆಸರಿಲ್ಲದಂತೆ ಕರಗಿತು. ಹೊಸಬಳ ಹೆಜ್ಜೆ ಕೇಳಿದ್ದೇ, ಒರೆಸಿ ಸ್ಟ್ಯಾಂಡಿಗೆ ಸೇರಿಸಿದಳು. ಹೇಳಿಕೊಡುವಷ್ಟು ದೊಡ್ಡ ಮನಸ್ಸು ಇನ್ನೂ ಬಂದಿರಲಿಲ್ಲ. ಸರಿಪಡಿಸುವಷ್ಟು ಬಂದಿತ್ತು.

ಹೊಸಬಳು ಟ್ಯೂಬನ್ನು ಎತ್ತಿದವಳು ನಿಂತಳು. ಬೆರಳು ಮಡಚಿ ಅದರ ಬಿಸುಪನ್ನು ನೋಡಿದಳು. ನೀರಿನ ತೊಟ್ಟಿಯ ಕಡೆ ನೋಡಿದಳು. ತಕ್ಷಣ ಯಂತ್ರಕ್ಕೆ ಕೊಟ್ಟಳು. ಈ ಸಲ ಚೀಲಕ್ಕೂ ಅಕ್ಕಿಗೂ ಹೊಂದಿತು.

ಬೆಚ್ಚಗಿನ ಟ್ಯೂಬಿನ ಲೆಕ್ಕ ಎಂದು ಹೊಸಬಳು ಕೊಟ್ಟ ಕಾಗದ ನೋಡಿ ಡಾಕ್ಟರು ಕನ್ನಡಕ ತೆಗೆದರು. "ಚಳಿ ಪ್ರತಿಕಾಯ! ಇವರಿಗೆ ರಕ್ತ ಕೊಡೋ ಅಗತ್ಯಾನೇ ಇಲ್ಲ. ಕೋಣೆ ಬೆಚ್ಚಗಿಡಬೇಕು, ಅಷ್ಟೆ. ಬಿಸಿ ಮಾಡಿ ನೋಡೋಣ ಅಂತ ಯಾರಿಗೆ ಹೊಳೀತು?"

"ಅಕ್ಕನಿಗೆ, ಸರ್" ಎಂದಳು ಹೊಸಬಳು.

"ಅದಕ್ಕೇ ಕಣ್ಣು ಅನ್ನೋದು." ಡಾಕ್ಟರು ಚುಕ್ಕಕ್ಕನ ಕಡೆ ತಿರುಗಿದರು. ಏಕವಚನ. ನಾಲ್ಕು ದಿನದ ಉರಿಗೆ ತಣ್ಣೀರು ಸುರಿದ ಹಾಗಾಯಿತು. "ಯಾವಾಗ ಗೊತ್ತಾಯ್ತು ನಿಮಗೆ?"

ಅವರು ಸುಮ್ಮನೆ ಕುತೂಹಲಕ್ಕೆ ಕೇಳಿದ್ದರು. ಕುಂಬಳಕಾಯಿ ಕಳ್ಳ ಎಂದು ಯಾರೂ ಅಂದಿರಲಿಲ್ಲ. ಆದರೂ ಚುಕ್ಕಕ್ಕನ ಕೈ ತಾನಾಗಿ ಹೆಗಲಿಗೆ ಹೋಯಿತು. ಗೋಡೆಯ ಗಡಿಯಾರ ಮೂರು ತೋರಿಸುತ್ತಿತ್ತು. ಬಾಗಿಲಲ್ಲಿ ಸೂಜಿಯಣ್ಣ ಹತ್ತಿಯ ಡಬ್ಬಿ ಹಿಡಿದು ನಿಂತಿದ್ದ. ಹತ್ತು ಗಂಟೆಗೆ ಎಂದರೆ ಆಮೇಲಿನ ಎರಡು ಚುಚ್ಚು ಅವಳದ್ದು. ಈಗ ತಾನೇ ಎಂದರೆ, ಅದು ಸುಳ್ಳೆಂದು ಅವಳ ಅಂಗೈಗೆ ಗೊತ್ತು.

"ನನಗೇನು ಗೊತ್ತು ಸರ್" ಎಂದಳು. "ಅವಳೇ ಮಾಡಿದ್ದು. ನಾನು ಬರೀ ತೊಟ್ಟಿ ಒರೆಸ್ತಿದ್ದೆ. ದೊಡ್ಡವಳು ಅಂತ ನನ್ನ ಹೆಸರು ಹೇಳ್ತಿದ್ದಾಳೆ."

ಹೊಸಬಳು ತಿರುಗಿ ನೋಡಿದಳು. ಚುಕ್ಕಕ್ಕನ ಮುಖ ಕಂಡು ಟ್ಯೂಬುಗಳನ್ನು ಜೋಡಿಸತೊಡಗಿದಳು.

ಡಾಕ್ಟರು ಹೊರಗೆ ಹೋಗಿ ದರ್ಜಿಯ ಪಕ್ಕ ಕೂತು ವಿವರಿಸುತ್ತಿದ್ದುದು ಒಳಗೆ ಕೇಳಿಸಿತು. "ನಿಮ್ಮ ಮೈ ಕಾವಲುಗಾರ ಒಳ್ಳೆಯವನೇ. ಚಳಿಯಾದ್ರೆ ಮಾತ್ರ ಮನೆಯವರು ಯಾರು, ಕಳ್ಳರು ಯಾರು ಅಂತ ತಿಳಿಯಲ್ಲ ಅವನಿಗೆ."

"ಆಮೇಲೆ?"

"ಬೆಚ್ಚಗಾದ್ರೆ ಬುದ್ಧಿ ಬರುತ್ತೆ."

ಸಂಜೆ ಕತ್ತಲೆ ಕೋಣೆಯಲ್ಲಿ ಹೊಸಬಳು ಮೆಲ್ಲಗೆ, "ಯಾಕಕ್ಕಾ ಹಾಗಂದ್ರಿ?" ಎಂದು ಕೇಳಿದಳು.

"ಇನ್ನೇನು ಹೇಳಬೇಕಿತ್ತು?"

"ಬೆಳಿಗ್ಗೆ ನೀವು ಟ್ಯೂಬು ಅಂಗೈಲಿ ಮುಚ್ಕೊಂಡು ನಿಂತಿದ್ರಿ. ಆ ಕಡೆಯಿಂದ ನೋಡಿದ್ದೆ. ಯಾಕೆ ಅಂತ ಆಗ ಅರ್ಥ ಆಗ್ಲಿಲ್ಲ."

ಚುಕ್ಕಕ್ಕ ಬಹಳ ಹೊತ್ತು ಮೈಕ್ರೋಸ್ಕೋಪಿನಲ್ಲಿ ನೋಡುತ್ತಿದ್ದಳು. ಅದರಲ್ಲಿ ಸ್ಲೈಡು ಇರಲಿಲ್ಲ.

"ಒಳ್ಳೇ ಕಣ್ಣು ನಿಂದು" ಎಂದಳು ಕೊನೆಗೆ.

ಮಾರನೆಯ ದಿನ ಬೆಚ್ಚಗಿನ ಕೋಣೆಯಲ್ಲಿ ದರ್ಜಿಯ ಆಪರೇಷನ್ ಆಯಿತು. ಚುಕ್ಕಕ್ಕ ಸ್ಲೈಡುಗಳ ಒಂದು ಖಾಲಿ ಮರದ ಪೆಟ್ಟಿಗೆ ಹುಡುಕಿ ತಂದು ಕಾಲ ಕೆಳಗೆ ಇಟ್ಟುಕೊಂಡಳು. ಸ್ಟೂಲು ಮೂರು ಬೆರಳು ಎತ್ತರದಲ್ಲೇ ಉಳಿಯಿತು.